ಬ್ರೇಕ್ ಪೆಡಲ್ ಮೆತ್ತಗಾಗಿದೆ, ಆದರೆ ಹೇಗೆ?

ಜಯನಗರದಲ್ಲಿ ಒಂದು ಭಾನುವಾರ ಬೆಳಗ್ಗೆ, ಸ್ವಂತ ಕಾರು ಓಡಿಸುವವರ ಮುಂದೆ ಮೆಕ್ಯಾನಿಕ್ ಆದ ನಾನು ಆಡಿದ ಮಾತುಗಳ ಬರಹ ರೂಪ ಇದು. ಅಂದು ಕೈಯಲ್ಲಿ ಹಿಡಿದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಬೇಕಾಯಿತು. ಹಾಗಾಗಿ ಕೆಲವು ಕಡೆ ಸ್ವಲ್ಪ ಬೆಳೆದಿದೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲು ಈ ಮೇಜಿನ ಮೇಲೆ ನೋಡಿ. ಎರಡು ಸಿರಿಂಜ್ ಇವೆ. ಮೆಡಿಕಲ್ ಶಾಪಿನಲ್ಲಿ ಸಿಗುವಂಥವೇ, ಸೂಜಿ ಇಲ್ಲ ಅಷ್ಟೇ. ಎರಡರ ಮೂತಿಗೂ ಒಂದು ಸಣ್ಣ ಪ್ಲಾಸ್ಟಿಕ್ ಪೈಪ್ ಸಿಕ್ಕಿಸಿದ್ದೇನೆ. ಒಳಗೆ ಬಣ್ಣ ಹಾಕಿದ ನೀರು. ಮುಂದೆ ಕೂತಿದ್ದೀಯಲ್ಲ ಪುಟ್ಟಿ, ಬಾಮ್ಮ ಇಲ್ಲಿ. ಈ ಕಡೆಯದನ್ನು ಹೆಬ್ಬೆರಳಿನಲ್ಲಿ ಒತ್ತು. ನೋಡಿದ್ರಾ? ಇವಳು ಇಲ್ಲಿ ಒತ್ತಿದ ಕೂಡಲೇ ಆ ಕಡೆಯ ದಂಡ ಹೊರಗೆ ಬಂತು. ಒಂದು ಕ್ಷಣವೂ ತಡವಿಲ್ಲ. ಈಗ ನಾನು ಆ ಕಡೆಯದನ್ನು ಗಟ್ಟಿಯಾಗಿ ಹಿಡಿಯುತ್ತೇನೆ. ಒತ್ತು. ಅಲ್ಲಾಡಲಿಲ್ಲ. ಕಲ್ಲಿನ ಹಾಗೆ ನಿಂತಿತು.

ಈಗ ಪೈಪ್ ಬಿಚ್ಚಿ, ಒಂದಿಷ್ಟು ಗಾಳಿ ಸೇರಿಸಿ ಮತ್ತೆ ಸಿಕ್ಕಿಸುತ್ತೇನೆ. ಪೈಪಿನ ನಡುವೆ ಆ ಗುಳ್ಳೆ ಕಾಣುತ್ತಿದೆ ಅಲ್ವಾ? ನಾನು ಮೊದಲಿನಷ್ಟೇ ಗಟ್ಟಿಯಾಗಿ ಹಿಡಿದಿದ್ದೇನೆ. ಒತ್ತು. ಹೇಗನ್ನಿಸಿತು?

"ಮೆತ್ತಗಿದೆ ಅಂಕಲ್. ಬಿಟ್ಟರೆ ವಾಪಸ್ ಬರುತ್ತೆ."

ಇವತ್ತಿನ ವಿಷಯದ ಅರ್ಧ ಭಾಗ ಇವಳ ಆ ಒಂದು ಮಾತಿನಲ್ಲಿದೆ. ಉಳಿದರ್ಧ ಏನು ಅಂದರೆ, ಪೆಡಲ್ ಮೆತ್ತಗಾಗುವುದಕ್ಕೆ ಗಾಳಿಯೊಂದೇ ಕಾರಣವಲ್ಲ. ಅದನ್ನು ಹೇಳುವುದಕ್ಕೇ ನಾನು ಇಲ್ಲಿಗೆ ಬಂದಿರುವುದು.

ದ್ರವವನ್ನು ಒತ್ತಿ ಚಿಕ್ಕದು ಮಾಡಲು ಆಗುವುದಿಲ್ಲ. ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹೋಗುತ್ತದೆ. ಇದನ್ನು 17ನೇ ಶತಮಾನದಲ್ಲೇ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ತೋರಿಸಿಕೊಟ್ಟಿದ್ದರು. ಕಾರಿನ ಬ್ರೇಕಿಗೆ ಅದು ಬರಲು ಇಪ್ಪತ್ತನೇ ಶತಮಾನವೇ ಬೇಕಾಯಿತು. 1921ರ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ದ್ರವದ ಬ್ರೇಕ್ ಬಂತು. ಅಲ್ಲಿಯವರೆಗೆ ಸರಳು, ತಂತಿ.

ಒಂದು ಸಣ್ಣ ಲೆಕ್ಕ ಮಾಡೋಣ. ನೀವು ಕಾಲಿನಿಂದ 10 ಕೆ.ಜಿ.ಯಷ್ಟು ಒತ್ತಿದಿರಿ. ಪೆಡಲ್ ಅನ್ನುವುದು ಒಂದು ಮೀಟುಗೋಲು. ಅದು ನಿಮ್ಮ ಬಲವನ್ನು ಸುಮಾರು ಐದು ಪಟ್ಟು ಮಾಡುತ್ತದೆ. ಪೆಡಲಿನ ಒತ್ತನ್ನು ದ್ರವಕ್ಕೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮೇಲೆ 50 ಕೆ.ಜಿ. ಬಿತ್ತು. ಆ ಪಿಸ್ಟನ್ 20 ಮಿ.ಮೀ. ಅಗಲ ಅಂದುಕೊಳ್ಳಿ. ಒಳಗಿನ ಒತ್ತಡ ಪ್ರತಿ ಚದರ ಸೆಂ.ಮೀ.ಗೆ ಸುಮಾರು 16 ಕೆ.ಜಿ. ಆಗುತ್ತದೆ. ಅದೇ ಒತ್ತಡ ಮುಂದಿನ ಚಕ್ರದ ಕ್ಯಾಲಿಪರ್‌ಗೆ, ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಪ್ಯಾಡುಗಳಿಂದ ಹಿಡಿಯುವ ಭಾಗಕ್ಕೆ, ಹೋಗುತ್ತದೆ. ಅಲ್ಲಿನ ಪಿಸ್ಟನ್ 50 ಮಿ.ಮೀ. ಇದ್ದರೆ 300 ಕೆ.ಜಿ.ಗೂ ಜಾಸ್ತಿ ಬಲದಲ್ಲಿ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಒಳಗಿನ ವ್ಯಾಕ್ಯೂಮ್, ಹೊರಗಿನ ಗಾಳಿಯ ಒತ್ತಡ ಎರಡನ್ನೂ ಬಳಸಿ ಕಾಲಿಗೆ ಬಲ ಕೂಡಿಸುವ ಬೂಸ್ಟರ್ ಸಹಾಯವನ್ನು ನಾನಿನ್ನೂ ಲೆಕ್ಕಕ್ಕೇ ಹಿಡಿದಿಲ್ಲ.

ಬಲ ಹೆಚ್ಚಾದಷ್ಟೂ ಓಟ ಕಡಿಮೆಯಾಗುತ್ತದೆ. ಅಲ್ಲಿ ಆ ದೊಡ್ಡ ಪಿಸ್ಟನ್ 1 ಮಿ.ಮೀ. ಮುಂದೆ ಬರಬೇಕಾದರೆ ಮಾಸ್ಟರ್ ಪಿಸ್ಟನ್ 6 ಮಿ.ಮೀ. ಸರಿಯಬೇಕು, ನಿಮ್ಮ ಪಾದ 3 ಸೆಂ.ಮೀ. ಕೆಳಗೆ ಹೋಗಬೇಕು. ಅದಕ್ಕೇ ಪೆಡಲಿನ ಒಂದೊಂದು ಮಿ.ಮೀ. ಓಟವೂ ಅಮೂಲ್ಯ. ಈಗ ಒಳಗೆ 1 ಮಿ.ಲೀ. ಗಾಳಿ ಸೇರಿತು ಅನ್ನಿ. ಬರೀ 20 ಹನಿ ನೀರಿನಷ್ಟು ಜಾಗ. ಆ 16 ಕೆ.ಜಿ. ಒತ್ತಡಕ್ಕೆ ಅದು ಮುದುಡಿ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಆ ಜಾಗ ತುಂಬಲು ಮಾಸ್ಟರ್ ಪಿಸ್ಟನ್ 3 ಮಿ.ಮೀ. ಹೆಚ್ಚು ಸರಿಯಬೇಕು. ನಿಮ್ಮ ಪಾದದಲ್ಲಿ ಅದು ಒಂದೂವರೆ ಸೆಂ.ಮೀ. ಇಪ್ಪತ್ತು ಹನಿ ಜಾಗಕ್ಕೆ ಒಂದೂವರೆ ಸೆಂ.ಮೀ. ಪೆಡಲ್ ಸುಮ್ನೆ ಹೋಯಿತು.

ಆದ್ದರಿಂದ ಏನಾಗಿದೆ ಗೊತ್ತಾ? ನಮ್ಮ ಕಸುಬಿನಲ್ಲಿ ಒಂದು ಅಭ್ಯಾಸ ಬೆಳೆದುಬಿಟ್ಟಿದೆ. ಪೆಡಲ್ ಮೆತ್ತಗಿದೆ ಅಂತ ಗಾಡಿ ಬಂದರೆ, "ಏರ್ ತೆಗೆದುಬಿಡು" ಅಂತ ಹುಡುಗನಿಗೆ ಹೇಳುವುದು. ಏರ್ ತೆಗೆದ ಮೇಲೂ ಸರಿಹೋಗದಿದ್ದರೆ, "ಮಾಸ್ಟರ್ ಸಿಲಿಂಡರ್ ಹೋಗಿದೆ ಸಾರ್" ಅಂತ ಹೇಳುವುದು. ಈ ಎರಡೂ ಕೆಲವು ಸಲ ಸರಿ. ಆದರೆ ಎರಡೂ ಪರೀಕ್ಷೆಯಲ್ಲ. ಮುಚ್ಚಿದ ಪೈಪಿನೊಳಗೆ ಗಾಳಿ ತಾನಾಗಿ ಹುಟ್ಟುವುದಿಲ್ಲ. ಯಾರೋ ಬಿಚ್ಚಿ ಕೆಲಸ ಮಾಡಿರಬೇಕು, ಇಲ್ಲ ಮಾಸ್ಟರ್ ಸಿಲಿಂಡರ್ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ (ಆ ದ್ರವ) ತೀರಾ ಕೆಳಗೆ ಇಳಿದಿರಬೇಕು, ಇಲ್ಲ ಎಲ್ಲೋ ಸೋರುತ್ತಿರಬೇಕು. ಗಾಳಿ ಎಲ್ಲಿಂದ ಬಂತು ಅಂತ ತಿಳಿಯದೆ ಬರೀ ಗಾಳಿ ತೆಗೆದು ಕಳಿಸಿದರೆ ಆ ಗಾಡಿ ಮತ್ತೆ ಬರುತ್ತದೆ. ಬರುವಾಗ ಬ್ರೇಕ್ ಹಿಡಿಯುತ್ತದೋ ಇಲ್ಲವೋ ಅದೇ ನನ್ನ ಭಯ.

ನಾನು ಗಾಡಿ ಮುಟ್ಟುವ ಮೊದಲು ಓಡಿಸುವವರನ್ನು ಕೇಳುತ್ತೇನೆ. ಮೆತ್ತಗೆ ಅಂದರೆ ಹೇಗೆ? ಸ್ಪಾಂಜ್ ಒತ್ತಿದ ಹಾಗಾ? ಮೊದಲ ಸಲ ಕೆಳಗೆ ಹೋಗಿ ಎರಡನೇ ಸಲ ಒತ್ತಿದರೆ ಮೇಲೆ ಬರುತ್ತದಾ? ಸಿಗ್ನಲ್‌ನಲ್ಲಿ ಕಾಲಿಟ್ಟು ನಿಂತಾಗ ನಿಧಾನಕ್ಕೆ ಇಳಿಯುತ್ತದಾ? ಬೆಟ್ಟ ಇಳಿಯುವಾಗ ಮಾತ್ರ ಹೀಗಾಗುತ್ತದಾ? ಈ ನಾಲ್ಕೂ ಬೇರೆ ಬೇರೆ ತೊಂದರೆ. ನಾಲ್ಕಕ್ಕೂ ಜನ ಹೇಳುವ ಮಾತು ಮಾತ್ರ ಒಂದೇ, "ಬ್ರೇಕ್ ಸಾಫ್ಟ್ ಆಗಿದೆ."

ನಿಂತ ಕಾರಿನಲ್ಲೇ, ಯಾವ ಸ್ಪ್ಯಾನರೂ ಇಲ್ಲದೆ, ಎರಡು ನಿಮಿಷದಲ್ಲಿ ನೀವೇ ಬಹಳಷ್ಟು ತಿಳಿಯಬಹುದು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಎಂಜಿನ್ ಆಫ್ ಮಾಡಿ. ನಾಲ್ಕೈದು ಸಲ ಪೆಡಲ್ ಒತ್ತಿ ಬಿಡಿ. ಬೂಸ್ಟರ್ ಒಳಗೆ ಉಳಿದಿದ್ದ ವ್ಯಾಕ್ಯೂಮ್ ಖಾಲಿಯಾಗಿ ಪೆಡಲ್ ಬಿಗಿಯಾಗುತ್ತದೆ. ಈಗ ಒತ್ತಿ ಹಿಡಿಯಿರಿ. ಕಲ್ಲಿನ ಹಾಗೆ ನಿಲ್ಲುತ್ತದಾ, ಇನ್ನೂ ಪುಟಿಯುತ್ತದಾ? ಪುಟಿದರೆ ಒಳಗೆ ಗಾಳಿ ಇದೆ, ಇಲ್ಲ ಯಾವುದೋ ಭಾಗ ಉಬ್ಬುತ್ತಿದೆ, ಇಲ್ಲ ಬಾಗುತ್ತಿದೆ. ಹಾಗೇ ಅರ್ಧ ನಿಮಿಷ ಹಿಡಿದಿರಿ. ಇಳಿಯುತ್ತಾ ಹೋದರೆ ದ್ರವ ಎಲ್ಲಿಗೋ ಹೋಗುತ್ತಿದೆ ಅಂತ ಅರ್ಥ. ಕಾಲು ತೆಗೆಯದೆ ಈಗ ಎಂಜಿನ್ ಶುರು ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಹೋಗಿ ನಿಲ್ಲುತ್ತದೆ. ಇದು ತೊಂದರೆಯಲ್ಲ, ಬೂಸ್ಟರ್ ಕೆಲಸ ಮಾಡುತ್ತಿದೆ ಅಂತ ಅದರ ಗುರುತು. ಎಷ್ಟೋ ಜನ ಇದನ್ನೇ ನೋಡಿ ಹೆದರಿ ಗ್ಯಾರೇಜಿಗೆ ಬರುತ್ತಾರೆ.

ಬೂಸ್ಟರ್ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬೂಸ್ಟರ್ ಕೆಟ್ಟರೆ ಪೆಡಲ್ ಮೆತ್ತಗಾಗುವುದಿಲ್ಲ, ಗಟ್ಟಿಯಾಗುತ್ತದೆ. ಮೆತ್ತಗಾದ ಪೆಡಲಿಗೆ ಯಾರಾದರೂ ಬೂಸ್ಟರ್ ಬದಲಿಸಬೇಕು ಅಂದರೆ, ಯಾಕೆ ಅಂತ ಕೇಳಿ. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇಕಡಾ 10ರಷ್ಟು ಕಡಿಮೆ. ಹಾಗಾಗಿ ಅದೇ ಕಾರಿನ ಪೆಡಲ್ ಮಂಗಳೂರಿನಲ್ಲಿ ಕೂದಲೆಳೆಯಷ್ಟು ಹಗುರ ಅನ್ನಿಸಬಹುದು. ಅದಕ್ಕೂ ತಲೆ ಕೆಡಿಸಿಕೊಳ್ಳಬೇಡಿ.

ಸಿಗ್ನಲ್ಲಿಗೆ ಬರೋಣ. ಸಿಲ್ಕ್ ಬೋರ್ಡ್, ಹೆಬ್ಬಾಳ, ಟಿನ್ ಫ್ಯಾಕ್ಟರಿ. ಬ್ರೇಕ್ ಮೇಲೆ ಕಾಲಿಟ್ಟು ನಿಮಿಷಗಟ್ಟಲೆ ನಿಲ್ಲುವ ಊರು ನಮ್ಮದು. ಅದರಲ್ಲೂ ಆಟೊಮ್ಯಾಟಿಕ್ ಗಾಡಿ ಇರುವವರು ಕಾಲು ತೆಗೆಯುವ ಹಾಗೇ ಇಲ್ಲ, ತೆಗೆದರೆ ಗಾಡಿ ಮುಂದೆ ಸರಿಯುತ್ತದೆ. ಹೀಗೆ ನಿಂತಾಗಲೇ ಮಾಸ್ಟರ್ ಸಿಲಿಂಡರಿನ ತೊಂದರೆ ಮೊದಲು ಕಾಲಿಗೆ ಗೊತ್ತಾಗುತ್ತದೆ.

ಒಬ್ಬರು ಟೀಚರ್ ಹೀಗೇ ಬಂದಿದ್ದರು. "ಸಿಗ್ನಲ್‌ನಲ್ಲಿ ನಿಂತರೆ ಕಾಲು ತಾನಾಗಿ ಇಳಿಯುತ್ತೆ ಅಣ್ಣ. ಗಾಡಿ ಓಡುವಾಗ ಬ್ರೇಕ್ ಚೆನ್ನಾಗೇ ಹಿಡಿಯುತ್ತೆ" ಅಂದರು. ಅಷ್ಟರಲ್ಲಿ ಬೇರೆ ಕಡೆ ಎರಡು ಸಲ ಏರ್ ತೆಗೆಸಿದ್ದರು. ಎರಡು ಸಲವೂ ಅದೇ ಕತೆ. ನಾನು ಜೋರಾಗಿ ಒತ್ತಿ ನೋಡಿದೆ, ಪೆಡಲ್ ನಿಂತಿತು. ಹಗುರವಾಗಿ, ಅವರು ಸಿಗ್ನಲ್‌ನಲ್ಲಿ ಒತ್ತುವಷ್ಟೇ ಒತ್ತಿ ಹಿಡಿದೆ. ಹತ್ತು ಸೆಕೆಂಡಿನಲ್ಲಿ ಇಳಿಯತೊಡಗಿತು. ಡಬ್ಬಿಯಲ್ಲಿ ಆಯಿಲ್ ಮಟ್ಟ ಒಂದು ಗೆರೆಯೂ ಕಡಿಮೆಯಾಗಿರಲಿಲ್ಲ. ನಾಲ್ಕು ಚಕ್ರವೂ ಒಣಗಿದ್ದವು.

ಆಗುವುದು ಹೀಗೆ. ಮಾಸ್ಟರ್ ಸಿಲಿಂಡರ್ ಒಳಗೆ ಪಿಸ್ಟನ್ ಸುತ್ತ ರಬ್ಬರ್ ಕಪ್ ಇರುತ್ತದೆ. ಅದರ ಅಂಚು ತುಟಿಯ ಹಾಗೆ ಗೋಡೆಗೆ ಅಂಟಿಕೊಂಡಿರಬೇಕು. ಆ ತುಟಿ ಸವೆದರೆ ದ್ರವ ಪಿಸ್ಟನ್ ಪಕ್ಕದಿಂದ ಹಿಂದಕ್ಕೆ ಜಾರಿ ಡಬ್ಬಿಗೇ ವಾಪಸ್ ಹೋಗುತ್ತದೆ. ಹೊರಗೆ ಒಂದು ಹನಿಯೂ ಬೀಳುವುದಿಲ್ಲ. ಜೋರಾಗಿ ಒತ್ತಿದಾಗ ಒತ್ತಡವೇ ತುಟಿಯನ್ನು ಅಗಲಿಸಿ ಗೋಡೆಗೆ ಒತ್ತಿಬಿಡುತ್ತದೆ, ಆಗ ಹಿಡಿಯುತ್ತದೆ. ಹಗುರವಾಗಿ ಒತ್ತಿದಾಗಲೇ ಜಾರುವುದು. ಎರಡು ಸಲ ಏರ್ ತೆಗೆದವರು ಇಬ್ಬರೂ ಕೆಲಸ ಸರಿಯಾಗೇ ಮಾಡಿದ್ದರು. ಆದರೆ ಆ ಗಾಡಿಯಲ್ಲಿ ಗಾಳಿಯೇ ಇರಲಿಲ್ಲ. "ಇಳಿಯುತ್ತೆ" ಅಂತ ಟೀಚರ್ ಹೇಳಿದ ಮಾತನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಮಟ್ಟ ಇಳಿದಿದ್ದರೆ ಹುಡುಕಾಟ ಬೇರೆ ಥರ. ಕ್ಯಾಲಿಪರ್ ಸೋರಿದರೆ ಕಣ್ಣಿಗೆ ಬೀಳುತ್ತದೆ. ಹಿಂದಿನ ಡ್ರಮ್ಮಿನೊಳಗೆ ಶೂ ಅನ್ನುವ ಪಟ್ಟಿಗಳನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರ್ ಸೋರಿದರೆ ಡ್ರಮ್ ತೆಗೆಯುವವರೆಗೆ ಗೊತ್ತಾಗದೆ ಇರಬಹುದು. ಹಿಂದಿನ ಟೈರಿನ ಒಳಮೈ ಒದ್ದೆಯಾಗಿದೆಯಾ ನೋಡಿ. ಮಾಸ್ಟರ್ ಸಿಲಿಂಡರ್ ಹಿಂದುಗಡೆಯಿಂದ ಸೋರಿದರೆ ಆಯಿಲ್ ನೇರ ಬೂಸ್ಟರ್ ಒಳಗೆ ಸೇರುತ್ತದೆ, ನೆಲಕ್ಕೆ ಬೀಳುವುದೇ ಇಲ್ಲ. ಎರಡು ನಟ್ ಬಿಚ್ಚಿ ಸಿಲಿಂಡರನ್ನು ಮುಂದಕ್ಕೆ ಸರಿಸಿ ನೋಡಬೇಕು.

ಇನ್ನೊಂದು ಮಾತು. ಪ್ಯಾಡ್ ಸವೆದಂತೆ ಪಿಸ್ಟನ್ ಹೊರಗೆ ಬರುತ್ತದೆ, ಅದರ ಹಿಂದಿನ ಜಾಗ ತುಂಬಲು ಆಯಿಲ್ ಮಟ್ಟ ನಿಧಾನವಾಗಿ ಇಳಿಯುತ್ತದೆ. ಇದು ಸಹಜ. ಮಟ್ಟ ಕಡಿಮೆಯಾಗಿದೆ ಅಂತ ಸುಮ್ನೆ ತುಂಬಿಸಬೇಡಿ. ಮೊದಲು ಪ್ಯಾಡ್ ನೋಡಿಸಿ. ತುಂಬಿಸಿಟ್ಟಿದ್ದರೆ ಹೊಸ ಪ್ಯಾಡ್ ಹಾಕುವ ದಿನ ಆಯಿಲ್ ಉಕ್ಕಿ ಚೆಲ್ಲುತ್ತದೆ, ಬಣ್ಣ ಕಿತ್ತು ಬರುತ್ತದೆ. ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಬ್ರೇಕ್ ಆಯಿಲ್ ಅನ್ನುತ್ತಿದ್ದೇನೆ, ನಾವೆಲ್ಲ ಹಾಗೇ ಅನ್ನುವುದು. ನಿಜ ಹೇಳಬೇಕೆಂದರೆ ಅದು ಎಣ್ಣೆಯಲ್ಲ. ಡಾಟ್ 3, ಡಾಟ್ 4 ಅಂತ ಡಬ್ಬಿ ಮೇಲೆ ಬರೆದಿರುವುದು ಗ್ಲೈಕಾಲ್ ಜಾತಿಯ ದ್ರವ. ನೀರಿನಲ್ಲಿ ಬೆರೆಯುತ್ತದೆ. ಈ ಹೆಸರಿನಿಂದಲೇ ಅನಾಹುತವಾಗಿರುವುದನ್ನು ನೋಡಿದ್ದೇನೆ. ಮನೆಯಲ್ಲಿದ್ದ ಎಂಜಿನ್ ಆಯಿಲ್ಲನ್ನೋ ಸ್ಟೀರಿಂಗ್ ಆಯಿಲ್ಲನ್ನೋ ಬ್ರೇಕ್ ಡಬ್ಬಿಗೆ ಸುರಿದುಬಿಡುತ್ತಾರೆ. ಒಳಗಿನ ರಬ್ಬರ್ ಎಲ್ಲ ಉಬ್ಬಿ ಹಾಳಾಗುತ್ತದೆ. ಅನುಮಾನ ಬಂದರೆ ಡಬ್ಬಿಯಿಂದ ಎರಡು ಹನಿ ತೆಗೆದು ಒಂದು ಲೋಟ ನೀರಿಗೆ ಹಾಕಿ. ಬ್ರೇಕ್ ಆಯಿಲ್ ಬೆರೆಯುತ್ತದೆ. ಎಣ್ಣೆಯಾದರೆ ಮೇಲೆ ತೇಲುತ್ತದೆ. ಡಬ್ಬಿ ಮುಚ್ಚಳದೊಳಗಿನ ರಬ್ಬರ್ ಉಬ್ಬಿ ಸೊಟ್ಟಗಾಗಿದ್ದರೆ ಅದೂ ಒಂದು ಗುರುತು. ಆಮೇಲೆ ಆ ಲೋಟವನ್ನು ಅಡುಗೆಮನೆಗೆ ತರಬೇಡಿ, ಅದು ವಿಷ.

ನೀರಿನಲ್ಲಿ ಬೆರೆಯುವ ದ್ರವ ಗಾಳಿಯಲ್ಲಿರುವ ತೇವವನ್ನೂ ಹೀರುತ್ತದೆ. ಬೆಟ್ಟ ಇಳಿಯುವಾಗ ಮಾತ್ರ ಬರುವ ತೊಂದರೆ ಶುರುವಾಗುವುದು ಇಲ್ಲಿ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಡಾಟ್ 4 ಆದರೆ 230. ಆದರೆ ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಡಾಟ್ 3ರ ಲೆಕ್ಕ 140ಕ್ಕೆ, ಡಾಟ್ 4ರದು 155ಕ್ಕೆ ಇಳಿಯುತ್ತದೆ. ನೂರು ಚಮಚಕ್ಕೆ ನಾಲ್ಕು ಚಮಚವೂ ಇಲ್ಲ, ಅಷ್ಟಕ್ಕೇ 65-75 ಡಿಗ್ರಿ ಹೋಯಿತು.

ನಂದಿ ಬೆಟ್ಟ 1,478 ಮೀಟರ್. ಮೇಲಿಂದ ಬುಡಕ್ಕೆ ಸುಮಾರು 500 ಮೀಟರ್ ಇಳಿಯುತ್ತೇವೆ ಅನ್ನೋಣ. ನಾಲ್ಕು ಜನ ಕೂತ 1,200 ಕೆ.ಜಿ. ಗಾಡಿ. ಇಳಿಯುವ ಶಕ್ತಿಯನ್ನೆಲ್ಲ ಬ್ರೇಕೇ ತಡೆದರೆ ಹುಟ್ಟುವ ಶಾಖದಲ್ಲಿ ಒಂದು ದೊಡ್ಡ ಬಕೆಟ್ ತಣ್ಣೀರನ್ನು ಕುದಿಸಬಹುದು. ಸುಮಾರು 18-19 ಲೀಟರ್. ಇದು ಊಹೆಯಲ್ಲ, ಲೆಕ್ಕ. ಆ ಶಾಖವೆಲ್ಲ ಡಿಸ್ಕ್, ಪ್ಯಾಡ್, ಡ್ರಮ್ಮುಗಳ ಮೇಲೆ ಬೀಳುತ್ತದೆ. ಗಾಳಿ ಬಹಳಷ್ಟನ್ನು ಒಯ್ಯುತ್ತದೆ. ಉಳಿದದ್ದು ಪಿಸ್ಟನ್ ಮೂಲಕ ಆಯಿಲ್ಲಿಗೆ ಹೋಗುತ್ತದೆ. ಹಳೆಯ ಆಯಿಲ್ ಕುದಿದು ಒಳಗೆ ಆವಿಯ ಗುಳ್ಳೆ ಏಳುತ್ತದೆ. ಈ ಹುಡುಗಿ ಸಿರಿಂಜಿನಲ್ಲಿ ಒತ್ತಿ ನೋಡಿದ ಅದೇ ಗುಳ್ಳೆ. ಪೆಡಲ್ ಕೆಳಗೆ ಹೋಗುತ್ತದೆ. ನಿಲ್ಲಿಸಿ, ಟೀ ಕುಡಿದು, ಅರ್ಧ ಗಂಟೆ ಬಿಟ್ಟು ಹತ್ತಿದರೆ ಆವಿ ತಣ್ಣಗಾಗಿ ಮತ್ತೆ ದ್ರವವಾಗಿರುತ್ತದೆ. ಪೆಡಲ್ ಸರಿಯಾಗಿರುತ್ತದೆ. ಸೋಮವಾರ ಗ್ಯಾರೇಜಿಗೆ ಬಂದರೆ ಯಾರಿಗೂ ಏನೂ ಸಿಗುವುದಿಲ್ಲ. ಅದಕ್ಕೇ ಇದು ನನಗೆ ಬಹಳ ಹೆದರಿಕೆ ಹುಟ್ಟಿಸುವ ತೊಂದರೆ.

ಪ್ಯಾಡ್ ಕಾದು ಹಿಡಿತ ಬಿಡುವುದು ಬೇರೆ. ಆಗ ಪೆಡಲ್ ಗಟ್ಟಿಯಾಗೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಆಯಿಲ್ ಕುದಿದರೆ ಪೆಡಲೇ ಕೆಳಗೆ ಹೋಗುತ್ತದೆ. ಶಿರಾಡಿ, ಚಾರ್ಮಾಡಿ ಇಳಿದು ಬಂದವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಇದೇ: ಪೆಡಲ್ ಗಟ್ಟಿಯಾಗಿತ್ತಾ, ಕೆಳಗೆ ಹೋಯಿತಾ?

ನಮ್ಮ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ನಿಂತಿರುವ ಕಾರುಗಳ ಬಗ್ಗೆ ನನಗೆ ನಿಜವಾಗಿಯೂ ಚಿಂತೆ ಇದೆ. "ಓಡಿಸೇ ಇಲ್ಲ ಸಾರ್, ಆರು ವರ್ಷಕ್ಕೆ 15 ಸಾವಿರ ಕಿ.ಮೀ. ಅಷ್ಟೇ" ಅನ್ನುತ್ತಾರೆ. ಬ್ರೇಕ್ ಆಯಿಲ್ಲಿಗೆ ಕಿ.ಮೀ. ಲೆಕ್ಕ ಗೊತ್ತಿಲ್ಲ. ಅದು ವರ್ಷ ಎಣಿಸುತ್ತದೆ. ನಿಂತಲ್ಲೇ ತೇವ ಹೀರುತ್ತದೆ. ಬಹಳ ಕಂಪನಿಗಳು ಎರಡು ವರ್ಷಕ್ಕೊಮ್ಮೆ ಬದಲಿಸಿ ಅಂತ ಪುಸ್ತಕದಲ್ಲೇ ಬರೆದಿರುತ್ತವೆ. ಆ ಪುಸ್ತಕ ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಹಾಗೇ ಇರುತ್ತದೆ. ದಯವಿಟ್ಟು ಇವತ್ತು ಮನೆಗೆ ಹೋಗಿ ತೆಗೆದು ಓದಿ. ಬದಲಿಸುವಾಗ ಸೀಲ್ ಒಡೆಯದ ಹೊಸ ಡಬ್ಬಿ ನಿಮ್ಮ ಮುಂದೆಯೇ ಒಡೆಯಲಿ. ಜೆ.ಸಿ. ರೋಡಿನಲ್ಲಿ ಯಾವ ಅಂಗಡಿಯಲ್ಲಿ ಕೇಳಿದರೂ ಅರ್ಧ ಲೀಟರಿನ ಡಬ್ಬಿ ಸಿಗುತ್ತದೆ. ಶೆಲ್ಫಿನಲ್ಲಿ ಮುಚ್ಚಳ ತೆಗೆದಿಟ್ಟ ಹಳೆಯ ಡಬ್ಬಿ ಬೇಡ.

ಇನ್ನು ಎರಡನೇ ಸಲ ಒತ್ತಿದರೆ ಮೇಲೆ ಬರುವ ಪೆಡಲ್. ಇದರಲ್ಲಿ ಗಾಳಿಯೂ ಇರಬಹುದು, ಆದರೆ ಅದೊಂದೇ ಅಲ್ಲ. ಹಿಂದೆ ಡ್ರಮ್ ಇರುವ ಗಾಡಿಯಾದರೆ ಒಂದು ಸುಲಭ ಪರೀಕ್ಷೆ ಇದೆ. ಹ್ಯಾಂಡ್‌ಬ್ರೇಕನ್ನು ಎರಡು ಮೂರು ಕಟಕಟ ಎಳೆಯಿರಿ. ಈಗ ಪೆಡಲ್ ಒತ್ತಿ. ಮೊದಲಿಗಿಂತ ಮೇಲೇ ಸಿಕ್ಕಿತಾ? ಹಾಗಾದರೆ ಹಿಂದಿನ ಶೂ ಡ್ರಮ್ಮಿನಿಂದ ದೂರ ಸರಿದಿದೆ. ಹ್ಯಾಂಡ್‌ಬ್ರೇಕ್ ಅದನ್ನು ಹತ್ತಿರ ತಂದಿತು, ಪೆಡಲ್ ಓಟ ಉಳಿಯಿತು. ತಾನಾಗಿ ಹೊಂದಿಕೊಳ್ಳಬೇಕಾದ ಅಡ್ಜಸ್ಟರ್ ತುಕ್ಕು ಹಿಡಿದು ನಿಂತಿರುತ್ತದೆ. ಬಿಚ್ಚಿ, ಉಜ್ಜಿ, ಸರಿಯಾಗಿ ಕೂರಿಸಿದರೆ ಆಯಿತು. ಯಾವ ಪಾರ್ಟೂ ಬೇಡ.

ಹ್ಯಾಂಡ್‌ಬ್ರೇಕ್ ಎಳೆದರೂ ವ್ಯತ್ಯಾಸವಿಲ್ಲ, ಗುಂಡಿ ಬಿದ್ದ ರಸ್ತೆ ದಾಟಿದ ಮೇಲೆ ಮೊದಲ ಒತ್ತು ಮಾತ್ರ ಕೆಳಗೆ ಹೋಗುತ್ತದೆ ಅಂದರೆ ಚಕ್ರದ ಬೇರಿಂಗ್ ನೋಡಬೇಕು. ಬೇರಿಂಗ್ ಸಡಿಲವಾದರೆ ಡಿಸ್ಕ್ ಅತ್ತಿತ್ತ ಆಡಿ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತದೆ. ಮುಂದಿನ ಸಲ ಆ ಖಾಲಿ ಜಾಗ ತುಂಬಲು ಒಂದು ಒತ್ತು ಖರ್ಚಾಗುತ್ತದೆ. ನಮ್ಮ ಹಂಪುಗಳು, ನಮ್ಮ ಗುಂಡಿಗಳು. ಇಲ್ಲಿ ಬೇರಿಂಗ್ ಹೋಗುವುದು ಆಶ್ಚರ್ಯವೇನಲ್ಲ.

ಕ್ಯಾಲಿಪರ್ ಜಾರುವ ಪಿನ್ ಹಿಡಿದುಕೊಂಡರೆ, ಪ್ಯಾಡ್ ಓರೆಯಾಗಿ ಸವೆದಿದ್ದರೆ, ಆಗಲೂ ಸ್ಪಾಂಜ್ ಥರವೇ ಅನ್ನಿಸುತ್ತದೆ. ಅಲ್ಲಿ ಲೋಹ ಬಾಗುತ್ತಿರುತ್ತದೆ. ಹಳೆಯ ರಬ್ಬರ್ ಹೋಸ್ ಉಬ್ಬುವುದನ್ನು ಕಣ್ಣಲ್ಲೇ ನೋಡಬಹುದು. ಒಬ್ಬರು ಪೆಡಲ್ ಒತ್ತಲಿ, ಇನ್ನೊಬ್ಬರು ಹೋಸ್ ಮೇಲೆ ಬೆರಳಿಟ್ಟಿರಲಿ.

ಇಷ್ಟರಲ್ಲೂ ಸಿಗದಿದ್ದರೆ ನಾವು ಒಂದೊಂದೇ ಭಾಗ ಬೇರೆ ಮಾಡಿ ನೋಡುತ್ತೇವೆ. ಹೋಸ್ ಹಿಸುಕಲೆಂದೇ ಮಾಡಿದ, ಅಂಚು ದುಂಡಗಿರುವ ಕ್ಲ್ಯಾಂಪ್ ಇರುತ್ತದೆ. ರಬ್ಬರ್ ಹೋಸ್‌ಗಳಿಗೆಲ್ಲ ಅದನ್ನು ಹಾಕಿ ಪೆಡಲ್ ಒತ್ತಿದಾಗ ಕಲ್ಲಿನ ಹಾಗೆ ನಿಂತರೆ ಮಾಸ್ಟರ್ ಸಿಲಿಂಡರ್ ಚೆನ್ನಾಗಿದೆ. ತೊಂದರೆ ಚಕ್ರದ ಕಡೆ. ಒಂದೊಂದೇ ಕ್ಲ್ಯಾಂಪ್ ತೆಗೆಯುತ್ತಾ ಬಂದರೆ ಯಾವ ಚಕ್ರದಲ್ಲಿ ಪೆಡಲ್ ಇಳಿಯಿತೋ ಕಳ್ಳ ಅಲ್ಲೇ. ಕ್ಲ್ಯಾಂಪ್ ಹಾಕಿದ ಮೇಲೂ ಮೆತ್ತಗಿದ್ದರೆ ಮೇಲುಗಡೆ ಹುಡುಕಬೇಕು. ಹತ್ತು ನಿಮಿಷದ ಕೆಲಸ. ಸಾವಿರಾರು ರೂಪಾಯಿಯ ಪಾರ್ಟ್ ತರುವ ಮೊದಲು ಈ ಹತ್ತು ನಿಮಿಷ ಕೊಡಲೇಬೇಕು ಅಂತ ನನ್ನ ಹಟ. ಕಟಿಂಗ್ ಪ್ಲೈಯರಿನಲ್ಲಿ ಹಿಸುಕಿದರೆ ಮಾತ್ರ ಹೋಸ್ ಒಳಪದರ ಹರಿದುಹೋಗುತ್ತದೆ, ಅದು ಬೇಡವೇ ಬೇಡ.

ನಾನು ಕಲಿಯುತ್ತಿದ್ದ ಕಾಲದ ಒಂದು ತಪ್ಪನ್ನು ಹೇಳಬೇಕು. ಎರಡೂ ಮುಂದಿನ ಕ್ಯಾಲಿಪರ್ ಬಿಚ್ಚಿ, ಒಳಗಿನ ರಬ್ಬರುಗಳ ಹೊಸ ಕಿಟ್ ಹಾಕಿ, ಮತ್ತೆ ಕೂರಿಸಿದ್ದೆ. ಏರ್ ತೆಗೆಯಲು ಶುರು ಮಾಡಿದೆವು. ಗೆಳೆಯ ಒಳಗೆ ಕೂತಿದ್ದ. "ಒತ್ತು... ಹಿಡ್ಕೋ." ನಾನು ಕ್ಯಾಲಿಪರಿನಲ್ಲಿ ಗಾಳಿ ಹೊರಬಿಡಲು ಇರುವ ನಿಪ್ಪಲ್ ಸಡಿಲ ಮಾಡುತ್ತಿದ್ದೆ. ಪೈಪಿನಿಂದ ಬಾಟಲಿಗೆ ಆಯಿಲ್ ಬರುತ್ತಿತ್ತು. ನಿಪ್ಪಲ್ ಬಿಗಿ ಮಾಡಿ, "ಬಿಡು." ಮತ್ತೆ "ಒತ್ತು." ಗುಳ್ಳೆ ಬರುವುದು ನಿಂತು ಎಷ್ಟೋ ಹೊತ್ತಾಗಿತ್ತು. ಪೆಡಲ್ ಮಾತ್ರ ಸ್ಪಾಂಜ್ ಆಗೇ ಇತ್ತು. ಒಂದು ಲೀಟರ್ ಆಯಿಲ್ ಹೋಯಿತು. ಸಂಜೆಯಾಯಿತು. ನನಗೆ ಕೆಲಸ ಕಲಿಸಿದ ಯಜಮಾನರು ಬಂದು ಬಗ್ಗಿ ನೋಡಿದರು. ಬೈಯಲಿಲ್ಲ. "ನಿಪ್ಪಲ್ ಎಲ್ಲಿದೆ ನೋಡು" ಅಂದರು ಅಷ್ಟೇ. ಕೆಳಗಿತ್ತು. ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಹಾಕಿದ್ದೆ. ಬೋಲ್ಟ್ ಎಲ್ಲ ಸರಿಯಾಗೇ ಕೂತಿದ್ದವು. ಗಾಳಿ ಯಾವಾಗಲೂ ಮೇಲೆ ಹೋಗಿ ಕೂರುತ್ತದೆ. ನಿಪ್ಪಲ್ ಕೆಳಗಿದ್ದರೆ ಇಡೀ ದಿನ ಒತ್ತಿದರೂ ಆಯಿಲ್ಲೇ ಬರುತ್ತದೆ, ಗಾಳಿ ಬರುವುದಿಲ್ಲ. ಕ್ಯಾಲಿಪರ್ ಬದಲಿಸಿದ ಮೇಲೆ ಪೆಡಲ್ ಗಟ್ಟಿಯಾಗದ ಗಾಡಿ ಬಂದರೆ ಇವತ್ತಿಗೂ ನಾನು ಮೊದಲು ಬಗ್ಗಿ ನಿಪ್ಪಲ್ ನೋಡುತ್ತೇನೆ.

ಏರ್ ತೆಗೆಯುವಾಗ ಇನ್ನೊಂದು ಜಾಗ್ರತೆ. ಹಳೆಯ ಗಾಡಿಯ ಪೆಡಲನ್ನು ನೆಲದವರೆಗೆ ಒತ್ತಬಾರದು. ಮಾಸ್ಟರ್ ಸಿಲಿಂಡರಿನಲ್ಲಿ ಪಿಸ್ಟನ್ ದಿನವೂ ಓಡಾಡುವ ಭಾಗ ನುಣುಪಾಗಿರುತ್ತದೆ. ಅದರಾಚೆ ವರ್ಷಗಟ್ಟಲೆ ಯಾರೂ ಮುಟ್ಟದ ಭಾಗದಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ನೆಲದವರೆಗೆ ಒತ್ತಿದರೆ ರಬ್ಬರ್ ತುಟಿ ಅಲ್ಲಿಗೆ ಹೋಗಿ ಕೊಯ್ದುಕೊಳ್ಳುತ್ತದೆ. ಚೆನ್ನಾಗಿದ್ದ ಸಿಲಿಂಡರನ್ನು ನಾವೇ ಕೆಡಿಸಿದ ಹಾಗೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟರೆ ಸಾಕು.

ಪ್ರಶ್ನೆಗಳಲ್ಲಿ ಮೊದಲನೆಯದು ಹಿರಿಯರೊಬ್ಬರದು. ಓಡುವಾಗಲೇ ಪೆಡಲ್ ಕೆಳಗೆ ಹೋದರೆ ಏನು ಮಾಡುವುದು?

ಬಿಟ್ಟು ಬಿಟ್ಟು ಜೋರಾಗಿ ಒತ್ತಿ. ಬಹಳ ಸಲ ಎರಡು ಮೂರನೇ ಒತ್ತಿಗೆ ಸ್ವಲ್ಪವಾದರೂ ಸಿಗುತ್ತದೆ. ಗೇರ್ ಒಂದೊಂದಾಗಿ ಇಳಿಸಿ. ಹ್ಯಾಂಡ್‌ಬ್ರೇಕ್ ಬಟನ್ ಒತ್ತಿ ಹಿಡಿದುಕೊಂಡೇ ನಿಧಾನಕ್ಕೆ ಎಳೆಯಿರಿ, ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಜಾರುತ್ತದೆ. ಎಂಜಿನ್ ಆಫ್ ಮಾಡಬೇಡಿ, ಬೂಸ್ಟರ್ ಹೋಗುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ. ಇಂಡಿಕೇಟರ್ ಎರಡೂ ಹಾಕಿ ಎಡಕ್ಕೆ ಬನ್ನಿ. ಕಾರಿನ ಬ್ರೇಕ್ ಎರಡು ಭಾಗವಾಗಿರುತ್ತದೆ, ಒಂದು ಕಡೆ ಪೂರ್ತಿ ಸೋರಿದರೂ ಇನ್ನೊಂದು ಕಡೆ ಉಳಿದಿರುತ್ತದೆ. ಪೆಡಲ್ ಬಹಳ ಕೆಳಗೆ ಸಿಗುತ್ತದೆ, ಹಾಗಂತ ಒತ್ತುವುದು ಬಿಡಬಾರದು.

ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಇರುವ ಗಾಡಿಯಲ್ಲಿ ಬೇರೆ ಥರವಾ ಅಂತ ಒಬ್ಬರು ಕೇಳಿದರು. ಪರೀಕ್ಷೆ ಅದೇ. ಆದರೆ ಎಬಿಎಸ್ ಪೆಟ್ಟಿಗೆಯೊಳಗೆ ಗಾಳಿ ಸಿಕ್ಕಿಹಾಕಿಕೊಂಡರೆ ಪೆಡಲ್ ಒತ್ತಿ ತೆಗೆಯಲು ಕಷ್ಟ. ಸ್ಕ್ಯಾನರ್ ಹಾಕಿ ಒಳಗಿನ ಪಂಪ್, ವಾಲ್ವ್ ಓಡಿಸಿಯೇ ತೆಗೆಯಬೇಕಾಗುತ್ತದೆ. ಆ ಯಂತ್ರ ಇಲ್ಲದ ಕಡೆ ಆ ಕೆಲಸ ಕೊಡಬೇಡಿ.

ಎಲೆಕ್ಟ್ರಿಕ್ ಕಾರಿನವರೊಬ್ಬರು, "ನಮಗೆ ಈ ತೊಂದರೆ ಇಲ್ಲ ಅಲ್ವಾ?" ಅಂದರು. ಇದೆ. ನಿಮ್ಮ ಗಾಡಿಯಲ್ಲಿ ದಿನದ ಬ್ರೇಕ್ ಕೆಲಸ ಬಹಳಷ್ಟು ಮೋಟಾರೇ ಮಾಡಿಬಿಡುತ್ತದೆ. ಹಾಗಾಗಿ ಆಯಿಲ್ ಬ್ರೇಕ್ ಕೆಟ್ಟಿದ್ದರೂ ಕಾಲಿಗೆ ಬೇಗ ಗೊತ್ತಾಗುವುದಿಲ್ಲ. ಬ್ಯಾಟರಿ ತುಂಬಿರುವಾಗ ಮೋಟಾರಿನ ಬ್ರೇಕ್ ಕಡಿಮೆಯಾಗುತ್ತದೆ, ಆಗ ಆಯಿಲ್ ಬ್ರೇಕೇ ಗತಿ. ಆಯಿಲ್ ಬದಲಿಸುವ ಲೆಕ್ಕ ನಿಮಗೂ ಅನ್ವಯಿಸುತ್ತದೆ.

ಮಾತು ಮುಗಿದ ಮೇಲೆ ಹೊರಗೆ ಬಂದು ರಸ್ತೆ ಬದಿ ನಿಂತಿದ್ದ ಕಾರುಗಳಲ್ಲಿ ಆ ಎರಡು ನಿಮಿಷದ ಪರೀಕ್ಷೆ ಮಾಡಿದೆವು. ಅವರವರ ಗಾಡಿಯಲ್ಲಿ ಅವರವರೇ ಕೂತರು. ಆರನೇ ಗಾಡಿಯಲ್ಲಿ, ದಂಪತಿ ಬಂದಿದ್ದ ಒಂದು ಹಳೆಯ ಕಾರು, ಪೆಡಲ್ ಮೇಲೆ ಕಾಲಿಟ್ಟಿದ್ದವರು ಮೇಡಂ. "ಇಳಿಯುತ್ತಿದೆ" ಅಂದರು. ನಾನು ಬಗ್ಗಿ ನೋಡ್ದೆ. ಹಿಂದಿನ ಎಡ ಟೈರಿನ ಒಳಮೈ ಒದ್ದೆಯಾಗಿತ್ತು. ಬೆರಳಿಗೆ ಜಿಡ್ಡಾಯಿತು. ಒಂದು ಬಾಟಲಿ ನೀರಿಗೆ ಆ ಬೆರಳು ಅದ್ದಿ ತೋರಿಸಿದೆ, ಬೆರೆತುಹೋಯಿತು. ಎಂಜಿನ್ ಆಯಿಲ್ ಅಲ್ಲ, ಗ್ರೀಸೂ ಅಲ್ಲ. ಅಂದು ಮಧ್ಯಾಹ್ನ ಅವರು ಮೈಸೂರಿಗೆ ಹೊರಡುವವರಿದ್ದರು. ಗಾಡಿಯನ್ನು ಅಲ್ಲೇ ಬಿಟ್ಟು, ಕೀ ನನ್ನ ಕೈಗೆ ಕೊಟ್ಟು, ಮೆಟ್ರೋ ಹತ್ತಿ ಮನೆಗೆ ಹೋದರು. ಗಾಡಿಯನ್ನು ಲಾರಿಯ ಮೇಲೆ ಹಾಕಿಸಿ ಗ್ಯಾರೇಜಿಗೆ ತರಿಸಿದೆ.